ಫೈಲ್, ಸ್ಕ್ರಿಪ್ಟ್ ಔಟ್‌ಪುಟ್ ಅನ್ನು ಬಿಲ್ಡ್ ವೇರಿಯಬಲ್ಲಿಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನಾವು ನಾಲ್ಕು ಜನ ಸೇರಿ ಅಡಿಕೆ ಬೆಳೆಗಾರರಿಗೆ ಒಂದು ಪುಟ್ಟ ಪ್ರೋಗ್ರಾಂ ಮಾಡುತ್ತಿದ್ದೇವೆ. ಮಲೆನಾಡಿನಲ್ಲಿ ಎಷ್ಟೋ ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಎಷ್ಟು ಮಿಲಿಮೀಟರ್ ಬಂತು ಅಂತ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು, ಕೊಳೆ ರೋಗ ಬರಬಹುದಾ ಅಂತ ಲೆಕ್ಕ ಹಾಕುವುದಕ್ಕೆ ಅದು ಬೇಕು. ಆ ಪುಸ್ತಕವನ್ನೇ ನಾವು ಕಂಪ್ಯೂಟರಿಗೆ ತಂದಿದ್ದೇವೆ. ಹೊಸದಾಗಿ ನಮ್ಮ ಜೊತೆ ಸೇರುವ ಹುಡುಗ ಹುಡುಗಿಯರು ಕೋಡ್ ಚೆನ್ನಾಗಿಯೇ ಬರೆಯುತ್ತಾರೆ. ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕೆಲಸ) ಹತ್ತಿರ ಬಂದಾಗ ಮಾತ್ರ ಎಲ್ಲರೂ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು: ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಚಿಹ್ನೆಗಳು ಮಾತ್ರ ಇಲ್ಲಿ ಇದ್ದ ಹಾಗೇ.

ಇದರ ಅಗತ್ಯವಾದರೂ ಏನು? ವರ್ಷನ್ ನಂಬರನ್ನು ನೇರವಾಗಿ ಮೇಕ್‌ಫೈಲಿನಲ್ಲೇ ಬರೆದರೆ ಆಗದಾ?

ಮೇಕ್ ಅಂದರೆ ಬಿಲ್ಡ್ ನಡೆಸುವ ಪ್ರೋಗ್ರಾಂ, ಏನೇನು ಮಾಡಬೇಕು ಅಂತ ಅದಕ್ಕೆ ಬರೆದಿಡುವ ಫೈಲೇ ಮೇಕ್‌ಫೈಲ್. ನಂಬರ್ ಒಂದೇ ಜಾಗದಲ್ಲಿ ಬೇಕಿದ್ದರೆ ಅಲ್ಲೇ ಧಾರಾಳವಾಗಿ ಬರೆಯಿರಿ. ನಮಗೆ ಅದು ಐದು ಕಡೆ ಬೇಕು: ಪ್ರೋಗ್ರಾಮಿನ ಒಳಗೆ, ಝಿಪ್ ಫೈಲಿನ ಹೆಸರಲ್ಲಿ, ಸೆಟಪ್‌ನಲ್ಲಿ, ಸಹಾಯ ಪುಟದಲ್ಲಿ, ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಪ್ರೋಗ್ರಾಂ) ಟ್ಯಾಗ್‌ನಲ್ಲಿ. ಐದೂ ಕಡೆ ಕೈಯಲ್ಲಿ ಬರೆದರೆ ಒಂದು ಕಡೆ ಮರೆತೇ ಮರೆಯುತ್ತೇವೆ. ಅದಕ್ಕೇ ಒಂದು ಫೈಲಿನಲ್ಲಿ ಇಟ್ಟು, ಬಿಲ್ಡ್ ಅಲ್ಲಿಂದ ಓದಿಕೊಳ್ಳಲಿ ಅನ್ನುವುದು.

ಓದಿಸುವ ಮೊದಲು ಮೂರು ವಿಷಯ ಗೊತ್ತಿರಬೇಕು. ಅದು ಯಾವಾಗ ಓದುತ್ತದೆ? ಒಳಗೆ ನಿಜವಾಗಿ ಏನು ಬಂದಿದೆ? ಓದಲು ಆಗದಿದ್ದರೆ ಏನಾಗುತ್ತದೆ? ಕೆಳಗಿನ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದನ್ನು ಕೇಳಿಕೊಳ್ಳದೆ ಆದವೇ.

ಮೇಕ್‌ನಲ್ಲಿ ಫೈಲ್ ಓದುವುದು ಹೇಗೆ?

ನಾವು ಬಳಸುವುದು ಗ್ನು ಮೇಕ್. ಅದರ ಹಳೇ ಹೊಸ ವರ್ಷನ್ ಎರಡರಲ್ಲೂ ನಡೆಯುವ ದಾರಿ ಇದು:

ವರ್ಷನ್ := $(ಶೆಲ್ ಕ್ಯಾಟ್ ವರ್ಷನ್.ಟಿಎಕ್ಸ್‌ಟಿ)

ಗ್ನು ಮೇಕ್ 4.0 ಬಂದ ಮೇಲೆ != ಅನ್ನುವ ಚಿಹ್ನೆಯೂ ಇದೆ. ಬಲಗಡೆ ಕಮಾಂಡ್ ಬರೆದರೆ ಅದರ ಔಟ್‌ಪುಟ್ ಎಡಗಡೆಯ ವೇರಿಯಬಲ್ಲಿಗೆ ಬರುತ್ತದೆ. 4.2ರಿಂದ $(ಫೈಲ್ < ವರ್ಷನ್.ಟಿಎಕ್ಸ್‌ಟಿ) ಅಂತ ಶೆಲ್ (ಟೈಪ್ ಮಾಡಿದ ಕಮಾಂಡನ್ನು ಓಡಿಸುವ ಪ್ರೋಗ್ರಾಂ) ಇಲ್ಲದೆಯೇ ಓದಬಹುದು. ಆದರೆ ಆ್ಯಪಲ್ ಕಂಪ್ಯೂಟರಿನ ಜೊತೆ ಬರುವ ಮೇಕ್ 3.81, ಬಹಳ ಹಳೆಯದು. ಅಲ್ಲಿ ಇವೆರಡೂ ನಡೆಯುವುದಿಲ್ಲ. ನಮ್ಮಲ್ಲಿ ಒಬ್ಬರ ಹತ್ತಿರ ಆ ಕಂಪ್ಯೂಟರ್ ಇದೆ, ಹಾಗಾಗಿ ನಾವು ಮೇಲಿನ ಹಳೇ ದಾರಿಯನ್ನೇ ಉಳಿಸಿಕೊಂಡಿದ್ದೇವೆ.

= ಹಾಕಿದರೂ ಕೆಲಸ ಆಗುತ್ತದೆ, := ಹಾಕಿದರೂ ಆಗುತ್ತದೆ. ಏನು ವ್ಯತ್ಯಾಸ?

ಇದೊಂದು ಅರ್ಥವಾದರೆ ಅರ್ಧ ಮೇಕ್ ಬಂದ ಹಾಗೆ.

ಹವಾಮಾನ ಇಲಾಖೆಯವರು ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ಒಮ್ಮೆ ನೋಡಿ ಪುಸ್ತಕದಲ್ಲಿ ಬರೆದರೆ ಮುಗಿಯಿತು. ಮಧ್ಯಾಹ್ನ ಯಾರಾದರೂ ಕೇಳಿದರೆ ಪುಸ್ತಕ ನೋಡಿ ಹೇಳುತ್ತಾರೆ. ಇದು :=. ಇನ್ನು, ಕೇಳಿದಾಗಲೆಲ್ಲ ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಮಾಪಕ ನೋಡಿ ಬರುವುದು ಇದೆಯಲ್ಲ, ಅದು =. ಪ್ರತಿ ಸಲವೂ ಹೋಗಬೇಕು. ಮಳೆ ಹೊಯ್ಯುತ್ತಿದ್ದರೆ ಪ್ರತಿ ಸಲವೂ ಬೇರೆ ಉತ್ತರ ಬರುತ್ತದೆ.

ಸಮಯ = $(ಶೆಲ್ ಡೇಟ್) ಅಂತ ಬರೆದು ಆ ವೇರಿಯಬಲ್ಲನ್ನು ಇಪ್ಪತ್ತು ಕಡೆ ಬಳಸಿದರೆ ಡೇಟ್ ಕಮಾಂಡ್ ಇಪ್ಪತ್ತು ಸಲ ಓಡುತ್ತದೆ. ಬಿಲ್ಡ್ ಎರಡು ನಿಮಿಷ ನಡೆದರೆ ಮೊದಲ ಫೈಲಿನಲ್ಲಿ ಒಂದು ಸಮಯ, ಕೊನೆಯದರಲ್ಲಿ ಇನ್ನೊಂದು. ಡೇಟ್ ಆದರೆ ಕಣ್ಣಿಗೆ ಬೀಳದೆ ಮುಗಿಯುತ್ತದೆ. ಅದೇ ಜಾಗದಲ್ಲಿ ಮೂರು ಸೆಕೆಂಡ್ ತೆಗೆದುಕೊಳ್ಳುವ ಪೈಥಾನ್ ಸ್ಕ್ರಿಪ್ಟ್ ಇದ್ದರೆ ಸುಮ್ನೆ ಒಂದು ನಿಮಿಷ ಹೋಯಿತು, ಅಲ್ವಾ?

ಹಾಗಾದರೆ ಎಲ್ಲ ಕಡೆ := ಹಾಕೋಣ ಅನ್ನಬಹುದು. ಸಾಮಾನ್ಯವಾಗಿ ಅದೇ ಸರಿ. ಒಂದೇ ತೊಂದರೆ, := ಮೇಕ್‌ಫೈಲ್ ಓದುವಾಗಲೇ ಓಡುತ್ತದೆ. ನೀವು ಮೇಕ್ ಕ್ಲೀನ್ ಅಂತಷ್ಟೇ ಹೇಳಿದರೂ ಆ ಮೂರು ಸೆಕೆಂಡ್ ಕಾಯಬೇಕು. ಬೇಕಾದಾಗ ಮಾತ್ರ, ಅದೂ ಒಂದೇ ಸಲ ಓಡಬೇಕು ಅಂದರೆ ಈ ಉಪಾಯ ಇದೆ:

ಸಂಖ್ಯೆ = $(ಇವ್ಯಾಲ್ ಸಂಖ್ಯೆ := $(ಶೆಲ್ ./ಎಣಿಸು.ಪಿವೈ))$(ಸಂಖ್ಯೆ)

ಮೊದಲ ಸಲ ಕೇಳಿದಾಗ ಅದು ಸ್ಕ್ರಿಪ್ಟ್ ಓಡಿಸಿ, ಬಂದ ಉತ್ತರವನ್ನು := ಆಗಿ ತನ್ನ ಮೇಲೆಯೇ ಬರೆದುಕೊಳ್ಳುತ್ತದೆ. ಎರಡನೇ ಸಲದಿಂದ ಪುಸ್ತಕ ನೋಡಿ ಹೇಳುವುದಷ್ಟೇ. ಮೊದಲ ಬಾರಿ ನೋಡಿದಾಗ ತಲೆ ತಿರುಗುತ್ತದೆ. ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಿ, ಹಿಡಿತಕ್ಕೆ ಬರುತ್ತದೆ.

ರೂಲ್ (ಒಂದು ಫೈಲನ್ನು ತಯಾರಿಸುವ ಕಮಾಂಡುಗಳ ಗುಂಪು) ಒಳಗೆ ಮೊದಲ ಸಾಲಿನಲ್ಲಿ ಫೈಲ್ ಬರೆದೆ, ಎರಡನೇ ಸಾಲಿನಲ್ಲಿ $(ಶೆಲ್ ಕ್ಯಾಟ್ ...) ಹಾಕಿ ಓದಿದೆ. ಹಳೇ ಬೆಲೆಯೇ (ವ್ಯಾಲ್ಯೂ) ಬರುತ್ತದೆ. ಯಾಕೆ?

ಯಾಕೆಂದರೆ ಗ್ನು ಮೇಕ್ ಒಂದು ರೂಲಿನ ಎಲ್ಲ ಸಾಲುಗಳನ್ನೂ ಮೊದಲೇ ಬಿಡಿಸಿಟ್ಟುಕೊಂಡು, ಆಮೇಲೆ ಓಡಿಸಲು ಶುರು ಮಾಡುತ್ತದೆ. ನಿಮ್ಮ ಕ್ಯಾಟ್ ಓಡಿದಾಗ ಮೊದಲ ಸಾಲು ಇನ್ನೂ ಓಡಿಯೇ ಇರಲಿಲ್ಲ. ಇಲ್ಲಿ ಮೇಕ್‌ನ ವೇರಿಯಬಲ್ ಬೇಡ. ಶೆಲ್‌ಗೇ ಬಿಡಿ: $$(ಕ್ಯಾಟ್ ...) ಅಂತ ಎರಡು ಡಾಲರ್ ಹಾಕಿ. ಒಂದು ಡಾಲರನ್ನು ಮೇಕ್ ತಿನ್ನುತ್ತದೆ, ಇನ್ನೊಂದು ಶೆಲ್‌ಗೆ ತಲುಪುತ್ತದೆ.

ಇದರ ಜೊತೆಗೇ ಇನ್ನೊಂದು. ರೂಲಿನ ಪ್ರತಿ ಸಾಲಿಗೂ ಬೇರೆ ಬೇರೆ ಶೆಲ್. ಮೊದಲ ಸಾಲಿನಲ್ಲಿ ಇಟ್ಟ ಶೆಲ್ ವೇರಿಯಬಲ್ ಎರಡನೇ ಸಾಲಿಗೆ ಗೊತ್ತೇ ಇರುವುದಿಲ್ಲ. ಎರಡನ್ನೂ && ಹಾಕಿ ಒಂದೇ ಸಾಲಾಗಿ ಬರೆಯಿರಿ.

ವರ್ಷನ್ ಫೈಲಿನಲ್ಲಿ 1.4.2 ಅಂತ ಸರಿಯಾಗಿಯೇ ಇದೆ. ಆದರೂ ಆ ಹೆಸರಿನ ಫೋಲ್ಡರ್ ಸಿಗುತ್ತಿಲ್ಲ ಅನ್ನುತ್ತದೆ.

ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ. ನಮಗೂ ಒಂದು ಇಡೀ ಮಧ್ಯಾಹ್ನ ಹೋಗಿದೆ ಇದರಲ್ಲಿ.

ಮೊದಲ ಕೆಲಸ, ವೇರಿಯಬಲ್ಲಿನ ಎರಡೂ ಬದಿಗೆ ಆವರಣ ಹಾಕಿ ಪ್ರಿಂಟ್ ಮಾಡಿ: ಎಕೋ "[$ವರ್ಷನ್]". ಎಲ್ಲ ಸರಿ ಇದ್ದರೆ [1.4.2] ಅಂತ ಬರಬೇಕು. ಆವತ್ತು ನಮಗೆ ಬಂದದ್ದು ಇದು:

]1.4.2

ಎಡಗಡೆ ಇರಬೇಕಾದ ಆವರಣವೇ ಇಲ್ಲ, ಬಲಗಡೆಯದು ಎಡಕ್ಕೆ ಬಂದು ಕೂತಿದೆ! ಫೈಲನ್ನು ವಿಂಡೋಸ್‌ನಲ್ಲಿ ಸೇವ್ ಮಾಡಿದ್ದರು. ಅಲ್ಲಿ ಸಾಲು ಮುಗಿಯುವಾಗ ಎರಡು ಅಕ್ಷರ ಇರುತ್ತವೆ: ಮೊದಲು ಕ್ಯಾರಿಯೇಜ್ ರಿಟರ್ನ್, ಆಮೇಲೆ ನ್ಯೂಲೈನ್. ಶೆಲ್‌ನ $( ) ಕೊನೆಯ ನ್ಯೂಲೈನನ್ನು ತೆಗೆಯುತ್ತದೆ, ಕ್ಯಾರಿಯೇಜ್ ರಿಟರ್ನನ್ನು ಮುಟ್ಟುವುದಿಲ್ಲ. ಅದು ಕರ್ಸರನ್ನು ಸಾಲಿನ ಮೊದಲಿಗೆ ಎಳೆದುಕೊಂಡು ಹೋಯಿತು. ಕೊನೆಯ ಆವರಣ ಮೊದಲನೆಯದರ ಮೇಲೆ ಬಿತ್ತು.

ಗಟ್ಟಿ ಮಾಡಿಕೊಳ್ಳಲು ಫೈಲನ್ನು 'ಓ-ಡಿ' ಅನ್ನುವ ಕಮಾಂಡಿಗೆ -ಬಿ ಹಾಕಿ ಕೊಟ್ಟು ಬೈಟುಗಳನ್ನು ನೋಡಿ. ಬೈಟುಗಳು ಎಂಟರ ಮೂಲದ ಲೆಕ್ಕದಲ್ಲಿ ಹೀಗೆ ಕಾಣುತ್ತವೆ:

061 056 064 056 062 015 012

ಮೊದಲ ಐದು ನಮ್ಮ 1.4.2. ಕೊನೆಯ 012 ನ್ಯೂಲೈನ್, ಅದು ಇರುವುದೇ. ನಡುವೆ ಕೂತಿರುವ 015, ಅದೇ ಕಳ್ಳ. ಟಿಆರ್ ಕಮಾಂಡ್ ಹಾಕಿ ಅದನ್ನು ಅಳಿಸಿ. ಫೈಲಿನ ಮೊದಲಲ್ಲೇ 357 273 277 ಕಂಡರೆ ಅದು ಬಾಮ್, ಕೆಲವು ಎಡಿಟರ್‌ಗಳು ಯುಟಿಎಫ್-8 ಅಂತ ಗುರುತು ಮಾಡಲು ಹಾಕುವ ಮೂರು ಬೈಟ್. ಅದನ್ನೂ ತೆಗೆಯಬೇಕು.

ಇದರಲ್ಲಿ ಗೊಂದಲ ಹುಟ್ಟಿಸುವ ಸಂಗತಿ ಒಂದಿದೆ. ಮೇಕ್‌ನ $(ಶೆಲ್) ಫಂಕ್ಷನ್ ಈ ಜೋಡಿ ಅಕ್ಷರಗಳನ್ನು ತಾನೇ ತೆಗೆದುಬಿಡುತ್ತದೆ. ಅದೇ ಫೈಲನ್ನು ಶೆಲ್ ಸ್ಕ್ರಿಪ್ಟಿನಲ್ಲಿ ಓದಿದರೆ ಉಳಿಯುತ್ತದೆ. ಹಾಗಾಗಿ "ಮೇಕ್‌ನಲ್ಲಿ ಸರಿ ಬಂತು, ಸ್ಕ್ರಿಪ್ಟಿನಲ್ಲಿ ಯಾಕೆ ಬರಲ್ಲ" ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಫೈಲನ್ನೇ ಸರಿ ಮಾಡುವುದು ಒಳ್ಳೆಯದು. ಗಿಟ್‌ನ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಆ ಫೈಲಿಗೆ ಇಒಎಲ್=ಎಲ್‌ಎಫ್ ಅಂತ ಬರೆದರೆ ಮತ್ತೆ ಕಾಡುವುದಿಲ್ಲ.

ಊರುಗಳ ಪಟ್ಟಿ ಓದಿಸಿದೆ. ನಾಲ್ಕು ಊರಿದ್ದದ್ದು ಐದಾಗಿದೆ!

ಪಟ್ಟಿ ಹೀಗಿತ್ತಾ: ಆಗುಂಬೆ, ಹುಲಿಕಲ್, ಜೋಗ ಫಾಲ್ಸ್, ತೀರ್ಥಹಳ್ಳಿ, ಸಾಲಿಗೊಂದು? ಮೇಕ್‌ನ ಶೆಲ್ ಫಂಕ್ಷನ್ ಸಾಲು ಮುಗಿಯುವ ಜಾಗವನ್ನೆಲ್ಲ ಸ್ಪೇಸ್ ಮಾಡುತ್ತದೆ. ಮೇಕ್‌ಗೆ ಪಟ್ಟಿ ಅಂದರೆ ಸ್ಪೇಸ್ ಹಾಕಿ ಬರೆದ ಪದಗಳು. ಜೋಗ ಒಂದು ಊರು, ಫಾಲ್ಸ್ ಇನ್ನೊಂದು ಊರು ಆಯಿತು. ಸ್ಪೇಸ್ ಇರುವ ಹೆಸರನ್ನು ಮೇಕ್ ಪಟ್ಟಿಯಲ್ಲಿ ಇಡಲು ನೆಟ್ಟಗಿನ ದಾರಿ ಇಲ್ಲ. ನಾವು ಫೈಲಿನಲ್ಲಿ ಜೋಗ_ಫಾಲ್ಸ್ ಅಂತ ಬರೆದು, ಪರದೆ ಮೇಲೆ ತೋರಿಸುವಾಗ ಅಂಡರ್‌ಸ್ಕೋರ್ ತೆಗೆಯುತ್ತೇವೆ. ಬ್ಯಾಶ್‌ನಲ್ಲಿ ಆದರೆ ಮ್ಯಾಪ್‌ಫೈಲ್ ಕಮಾಂಡ್ ಸಾಲಿಗೊಂದರಂತೆ ಅರೇಗೆ ತುಂಬುತ್ತದೆ, ಸ್ಪೇಸ್ ಇದ್ದರೂ ಒಡೆಯುವುದಿಲ್ಲ. ಅದು ಬ್ಯಾಶ್ 4ರಿಂದ ಈಚೆಗೆ ಮಾತ್ರ ಇದೆ.

ಸ್ಕ್ರಿಪ್ಟ್ ಫೇಲ್ ಆಗಿದೆ, ಬಿಲ್ಡ್ ಮಾತ್ರ ಪಾಸ್ ಅನ್ನುತ್ತದೆ. ಹೇಗೆ?

ಈ ಪ್ರಶ್ನೆಗೆ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಇದರಿಂದ ನಮ್ಮನ್ನು ನಂಬಿದವರಿಗೆ ತೊಂದರೆ ಆಗಿದೆ.

ಮೊದಲು ನಮ್ಮ ವರ್ಷನ್ ನಂಬರ್ ನಮ್ಮದೇ ಸರ್ವರಿನಿಂದ ಬರುತ್ತಿತ್ತು. ಕರ್ಲ್ (ನೆಟ್‌ನಿಂದ ತರುವ ಕಮಾಂಡ್) ಹಾಕಿ ತಂದು, ಪೈಪ್ (ಒಂದು ಕಮಾಂಡಿನ ಔಟ್‌ಪುಟ್ ಅನ್ನು ಮುಂದಿನದಕ್ಕೆ ದಾಟಿಸುವುದು) ಮೂಲಕ ಟಿಆರ್‌ಗೆ ಕೊಟ್ಟು, ಬಂದದ್ದನ್ನು ವೇರಿಯಬಲ್ಲಿಗೆ ತುಂಬುತ್ತಿದ್ದೆವು. ಜುಲೈ ತಿಂಗಳ ಮಳೆ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ನೆಟ್ ಸತ್ತಿತ್ತು. ಕರ್ಲ್ ಸೋತಿತು. ಪೈಪಿನ ಫಲಿತಾಂಶ ಅಂದರೆ ಕೊನೆಯ ಕಮಾಂಡಿನ ಫಲಿತಾಂಶ. ಟಿಆರ್‌ಗೆ ಬಂದದ್ದು ಏನೂ ಇಲ್ಲ, ಅದು ಏನೂ ಇಲ್ಲದ್ದನ್ನೇ ಸರಿಯಾಗಿ ಮುಂದೆ ಕಳಿಸಿ ಗೆದ್ದೆ ಅಂತ ಹೇಳಿತು. ವೇರಿಯಬಲ್ ಖಾಲಿ. ಬಿಲ್ಡ್ ಹಸಿರು. ಹೊರಗೆ ಬಂದ ಫೈಲಿನ ಹೆಸರು ಮಳೆಲೆಕ್ಕ-.ಝಿಪ್. ಅಡ್ಡಗೆರೆ ಆದಮೇಲೆ ನಂಬರೇ ಇಲ್ಲ.

ಯಾರೂ ಗಮನಿಸಲಿಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಂಡು ತೀರ್ಥಹಳ್ಳಿ ಕಡೆಯ ಹದಿನೈದು ಮನೆಗೆ ಕೊಟ್ಟು ಬಂದೆವು. ಮುಂದಿನ ವಾರ ಒಬ್ಬ ಹಿರಿಯರು ಫೋನ್ ಮಾಡಿದರು: "ತಮಾ, ತಿಂಗಳ ಒಟ್ಟು ಮಳೆ ತಪ್ಪು ತೋರಿಸ್ತದೆ. ನನ್ನ ಪುಸ್ತಕದಲ್ಲೇ ಸರಿ ಉಂಟು." ನಿಮ್ಮಲ್ಲಿರುವುದು ಯಾವ ವರ್ಷನ್ ಅಂತ ಕೇಳಿದರೆ ಪರದೆ ಮೇಲೆ ಖಾಲಿ ಜಾಗ. ಯಾರ ಮನೆಯಲ್ಲಿ ತಪ್ಪು ಇರುವ ಹಳೆಯದಿದೆ, ಯಾರಲ್ಲಿ ಸರಿ ಮಾಡಿದ್ದಿದೆ ಅಂತ ತಿಳಿಯಲು ಮತ್ತೆ ಹದಿನೈದೂ ಮನೆಗೆ ಹೋಗಬೇಕಾಯಿತು. ಆ ಹಿರಿಯರು ಪುಸ್ತಕವನ್ನೂ ಬರೆಯುತ್ತಿದ್ದರಿಂದ ಅವರ ಲೆಕ್ಕ ಉಳಿಯಿತು.

ಅಂದಿನಿಂದ ನಾವು ಬಿಡದೆ ಮಾಡುವ ಕೆಲಸಗಳು ಇವು. ಪ್ರತಿ ಬ್ಯಾಶ್ ಸ್ಕ್ರಿಪ್ಟಿನ ಮೊದಲಿಗೆ ಸೆಟ್ -ಇಯು (ಕಮಾಂಡ್ ಸೋತರೆ ಅಥವಾ ಇಟ್ಟೇ ಇಲ್ಲದ ವೇರಿಯಬಲ್ ಕೇಳಿದರೆ ನಿಲ್ಲು ಅಂತ) ಮತ್ತು ಪೈಪ್‌ಫೇಲ್ ಹಾಕುತ್ತೇವೆ. ಪೈಪ್‌ಫೇಲ್ ಇದ್ದರೆ ಪೈಪಿನ ನಡುವೆ ಯಾರು ಸೋತರೂ ಇಡೀ ಸಾಲು ಸೋತ ಹಾಗೆ. ಲೋಕಲ್ ಅಥವಾ ಎಕ್ಸ್‌ಪೋರ್ಟ್ ಜೊತೆ ಒಂದೇ ಸಾಲಿನಲ್ಲಿ $( ) ಬರೆಯುವುದಿಲ್ಲ. ಹಾಗೆ ಬರೆದರೆ ಶೆಲ್ ನೋಡುವುದು ಎಕ್ಸ್‌ಪೋರ್ಟ್ ಗೆದ್ದಿತಾ ಅಂತ, ಒಳಗಿನ ಕಮಾಂಡ್ ಸೋತದ್ದು ಮುಚ್ಚಿಹೋಗುತ್ತದೆ. ಮೊದಲು ವೇರಿಯಬಲ್ ತುಂಬಿ, ಮುಂದಿನ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿ.

ಮೇಕ್‌ನ $(ಶೆಲ್) ಇನ್ನೂ ಸಡಿಲ. ಒಳಗಿನ ಕಮಾಂಡ್ ಸೋತರೂ ಮೇಕ್ ನಿಲ್ಲುವುದೇ ಇಲ್ಲ. 4.2ರಿಂದ .ಶೆಲ್‌ಸ್ಟೇಟಸ್ ಅನ್ನುವ ವೇರಿಯಬಲ್ಲಿನಲ್ಲಿ ಫಲಿತಾಂಶ ಸಿಗುತ್ತದೆ, ಆದರೆ ನಾವೇ ನೋಡಬೇಕು. ಹಳೇ ಮೇಕ್‌ನಲ್ಲೂ ನಡೆಯುವ ತಪಾಸಣೆ ಇದು: ಇಫ್‌ಇಕ್ಯೂ ಹಾಕಿ ವರ್ಷನ್ ಖಾಲಿಯಾ ಅಂತ ನೋಡಿ, ಖಾಲಿ ಇದ್ದರೆ $(ಎರರ್ ವರ್ಷನ್ ಸಿಕ್ಕಿಲ್ಲ) ಅಂತ ಅಲ್ಲೇ ನಿಲ್ಲಿಸಿ. ಮೂರು ಸಾಲಿನ ಕೆಲಸ. ಫೋಲ್ಡರ್ ಅಳಿಸುವ ಕಮಾಂಡಿನಲ್ಲಿ ವೇರಿಯಬಲ್ ಬಳಸುತ್ತಿದ್ದರಂತೂ ಈ ಮೂರು ಸಾಲು ಇಲ್ಲದೆ ಮುಂದೆ ಹೋಗಲೇಬೇಡಿ. ಖಾಲಿ ಹೆಸರಿನ ಮುಂದೆ ಒಂದು ಓರೆಗೆರೆ ಉಳಿದರೆ ಅದು ಇಡೀ ಡಿಸ್ಕಿನ ಬೇರು.

ವರ್ಷನ್ ನಂಬರ್ ಈಗ ರೆಪೊಸಿಟರಿಯ ಒಳಗಿನ ಫೈಲಿನಲ್ಲಿದೆ. ನೆಟ್ ಬೇಕಾಗಿಲ್ಲ.

ಎರರ್ ಮೆಸೇಜ್ ಪರದೆ ಮೇಲೆ ಬಂತು, ವೇರಿಯಬಲ್ಲಿನಲ್ಲಿ ಇಲ್ಲ.

ಹಿಡಿಯುವುದು ಸ್ಟ್ಯಾಂಡರ್ಡ್ ಔಟ್‌ಪುಟ್ ಮಾತ್ರ. ಎರರ್ ಬೇರೆ ದಾರಿಯಲ್ಲಿ ಹೋಗುತ್ತದೆ. 2>&1 ಹಾಕಿದರೆ ಎರಡೂ ಸೇರುತ್ತವೆ, ಆದರೆ ಬೇಡ. ನಾಳೆ ಯಾವುದೋ ವಾರ್ನಿಂಗ್ ಬಂದು ನಿಮ್ಮ ವರ್ಷನ್ ನಂಬರಿನ ಒಳಗೆ ಸೇರುತ್ತದೆ. ನಿಮ್ಮ ಸ್ಕ್ರಿಪ್ಟ್ ಬರೆಯುವಾಗಲೂ ಇದೇ ಶಿಸ್ತು ಇರಲಿ: ಉತ್ತರ ಮಾತ್ರ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, "ಓದುತ್ತಿದ್ದೇನೆ, ಮುಗಿಯಿತು" ಅನ್ನುವ ಮಾತೆಲ್ಲ ಎರರ್ ದಾರಿಗೆ.

ಓದಬೇಕಾದ ಫೈಲ್ ಬಿಲ್ಡ್ ನಡೆಯುವಾಗಲೇ ಹುಟ್ಟುತ್ತದೆ. ಮೇಕ್ ವೇರಿಯಬಲ್ಲಿಗೆ ಹೇಗೆ ತರುವುದು?

ಇನ್‌ಕ್ಲೂಡ್ ಬಳಸಿ. ಸ್ಕ್ರಿಪ್ಟ್ ಬರೀ ನಂಬರ್ ಬರೆಯುವ ಬದಲು ಸಂಖ್ಯೆ := 60 ಅನ್ನುವ ಪೂರ್ತಿ ಸಾಲನ್ನೇ ಒಂದು ಪುಟ್ಟ ಫೈಲಿಗೆ ಬರೆಯಲಿ. ಆ ಫೈಲ್ ಹುಟ್ಟುವುದಕ್ಕೆ ಒಂದು ರೂಲ್ ಕೊಡಿ, ಮೇಕ್‌ಫೈಲಿನಲ್ಲಿ ಅದನ್ನು ಇನ್‌ಕ್ಲೂಡ್ ಮಾಡಿ. ಫೈಲ್ ಇಲ್ಲದಿದ್ದರೆ ಅಥವಾ ಹಳೆಯದಾಗಿದ್ದರೆ ಗ್ನು ಮೇಕ್ ಮೊದಲು ಅದನ್ನು ತಯಾರಿಸಿ, ಆಮೇಲೆ ತಾನೇ ಮೊದಲಿನಿಂದ ಮತ್ತೆ ಶುರುವಾಗುತ್ತದೆ. ಮೂಲ ಫೈಲ್ ಬದಲಾಗದಿದ್ದರೆ ಸ್ಕ್ರಿಪ್ಟ್ ಓಡುವುದೂ ಇಲ್ಲ. ನನಗೆ ಮೇಕ್‌ನಲ್ಲಿ ತುಂಬಾ ಇಷ್ಟವಾದ ಗುಣ ಇದು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್‌ನ ಮೂಲ ವಿಚಾರವೇ ಇದು ತಾನೇ, ಬದಲಾದದ್ದನ್ನು ಮಾತ್ರ ಮತ್ತೆ ಮಾಡು ಅನ್ನುವುದು.

ಸಿಮೇಕ್‌ನಲ್ಲಿ?

ಸಿಮೇಕ್ ಅಂದರೆ ಬಿಲ್ಡಿಗೆ ಬೇಕಾದ ಫೈಲುಗಳನ್ನು ತಯಾರಿಸಿಕೊಡುವ ಪ್ರೋಗ್ರಾಂ. ಅಲ್ಲಿ ಫೈಲಿಗೆ ಫೈಲ್(ರೀಡ್ ...) ಅಥವಾ ಫೈಲ್(ಸ್ಟ್ರಿಂಗ್ಸ್ ...). ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್_ಪ್ರೋಸೆಸ್, ಅದರಲ್ಲಿ ಔಟ್‌ಪುಟ್_ವೇರಿಯಬಲ್. ಕೊನೆಯ ನ್ಯೂಲೈನ್ ತಾನಾಗಿ ಹೋಗುವುದಿಲ್ಲ, ಔಟ್‌ಪುಟ್_ಸ್ಟ್ರಿಪ್_ಟ್ರೇಲಿಂಗ್_ವೈಟ್‌ಸ್ಪೇಸ್ ಅಂತಲೂ ಬರೆಯಬೇಕು. ಸೋತರೆ ನಿಲ್ಲಲಿ ಅಂದರೆ 3.19ರಿಂದ ಕಮಾಂಡ್_ಎರರ್_ಈಸ್_ಫೇಟಲ್ ಇದೆ.

ನೆನಪಿಡಬೇಕಾದ್ದು, ಇವೆಲ್ಲ ಓಡುವುದು ಕಾನ್ಫಿಗರ್ (ಬಿಲ್ಡಿಗೆ ಮೊದಲಿನ ಸಿದ್ಧತೆ) ಮಾಡುವಾಗ, ಬಿಲ್ಡ್ ಮಾಡುವಾಗ ಅಲ್ಲ. ವರ್ಷನ್ ಫೈಲ್ ಬದಲಿಸಿ ಬರೀ ಬಿಲ್ಡ್ ಮಾಡಿದರೆ ಹಳೇ ನಂಬರೇ ಉಳಿಯುತ್ತದೆ. ಆ ಫೈಲನ್ನು ಸಿಮೇಕ್_ಕಾನ್ಫಿಗರ್_ಡಿಪೆಂಡ್ಸ್ ಪಟ್ಟಿಗೆ ಸೇರಿಸಿ. ಫೈಲಿನಲ್ಲಿ ಅರ್ಧವಿರಾಮ (;) ಇದ್ದರೆ ಸಿಮೇಕ್ ಅದನ್ನು ಪಟ್ಟಿ ಅಂದುಕೊಂಡು ಒಡೆಯುತ್ತದೆ, ಅಷ್ಟು ನೋಡಿಕೊಳ್ಳಿ.

ಗಿಟ್‌ಹಬ್ ಆಕ್ಷನ್ಸ್, ಗಿಟ್‌ಲ್ಯಾಬ್, ಜೆಂಕಿನ್ಸ್: ಒಂದು ಹಂತದ ಔಟ್‌ಪುಟ್ ಮುಂದಿನ ಹಂತಕ್ಕೆ ಹೇಗೆ?

ಮೂರೂ ಬಿಲ್ಡನ್ನು ಹಂತ ಹಂತವಾಗಿ ತಾನಾಗಿ ನಡೆಸುವ ವ್ಯವಸ್ಥೆಗಳು. ಗಿಟ್‌ಹಬ್‌ನಲ್ಲಿ ಹೆಸರು=ಬೆಲೆ ಅನ್ನುವ ಸಾಲನ್ನು ಗಿಟ್‌ಹಬ್_ಔಟ್‌ಪುಟ್ ಅನ್ನುವ ವೇರಿಯಬಲ್ ತೋರಿಸುವ ಫೈಲಿಗೆ >> ಹಾಕಿ ಸೇರಿಸಬೇಕು. ಹಳೇ ಲೇಖನಗಳಲ್ಲಿ ಕಾಣುವ ಸೆಟ್-ಔಟ್‌ಪುಟ್ ದಾರಿ ಬಿಡಿ ಅಂತ ಅವರೇ 2022ರಲ್ಲಿ ಹೇಳಿದ್ದಾರೆ. ಎನ್ವಿರಾನ್ಮೆಂಟ್ ವೇರಿಯಬಲ್ ಬೇಕಿದ್ದರೆ ಗಿಟ್‌ಹಬ್_ಎನ್ವ್ ಫೈಲ್. ಅದಕ್ಕೆ ಬರೆದದ್ದು ಅದೇ ಹಂತದಲ್ಲಿ ಕಾಣುವುದಿಲ್ಲ, ಮುಂದಿನ ಹಂತದಿಂದ ಕಾಣುತ್ತದೆ. ಇನ್ನೊಂದು ಕೇಳುತ್ತಾರೆ: ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ) ಎಣಿಸಿದರೆ ಯಾವಾಗಲೂ 1 ಬರುತ್ತದೆ ಯಾಕೆ? ಅಲ್ಲಿನ ಚೆಕ್‌ಔಟ್ ಕೊನೆಯ ಒಂದು ಕಮಿಟ್ ಮಾತ್ರ ತರುತ್ತದೆ. ಫೆಚ್-ಡೆಪ್ತ್ 0 ಅಂತ ಹಾಕಿದರೆ ಪೂರ್ತಿ ಬರುತ್ತದೆ.

ಗಿಟ್‌ಲ್ಯಾಬ್‌ನಲ್ಲಿ ಡಾಟ್‌ಎನ್ವ್ ರಿಪೋರ್ಟ್. ಒಂದು ಬೆಲೆ ಒಂದೇ ಸಾಲಿನಲ್ಲಿ ಮುಗಿಯಬೇಕು. ಜೆಂಕಿನ್ಸ್‌ನಲ್ಲಿ ಎಸ್‌ಎಚ್ ಹಂತಕ್ಕೆ ರಿಟರ್ನ್‌ಸ್ಟ್ಡ್‌ಔಟ್: ಟ್ರೂ ಕೊಟ್ಟು ಕೊನೆಗೆ .ಟ್ರಿಮ್() ಹಾಕಿ. ವಿಂಡೋಸ್‌ನ ಬ್ಯಾಟ್ ಹಂತದಲ್ಲಿ ಕಮಾಂಡ್ ಕೂಡ ಔಟ್‌ಪುಟ್ ಜೊತೆ ಬರುತ್ತದೆ, ಕಮಾಂಡಿನ ಮುಂದೆ @ ಹಾಕಿದರೆ ಬರುವುದಿಲ್ಲ.

ಬೆಲೆ ಕನ್ನಡದಲ್ಲಿದ್ದರೆ ತೊಂದರೆ ಇದೆಯಾ?

ಬೆಲೆಗೆ ತೊಂದರೆ ಇಲ್ಲ, ಕತ್ತರಿಸುವಾಗ ಎಚ್ಚರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅಡಿಕೆಯ ಒಂದು ಬಗೆಯಾದ "ರಾಶಿ" ಅನ್ನುವ ಪದ ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿಗೆ ರ, ಆ ಕಾರದ ದೀರ್ಘ, ಶ, ಗುಡಿಸು, ಹೀಗೆ ನಾಲ್ಕು ಚಿಹ್ನೆ, 12 ಬೈಟ್. ಬೈಟ್ ಲೆಕ್ಕದಲ್ಲಿ ಮೊದಲ ನಾಲ್ಕನ್ನು ಕತ್ತರಿಸಿದರೆ "ರ" ಮತ್ತು ಮುರಿದ ಒಂದು ಚೂರು ಉಳಿಯುತ್ತದೆ. ಕತ್ತರಿಸುವ ಕೆಲಸ ಪೈಥಾನಿಗೆ ಬಿಡಿ.

ಪೈಥಾನಿನದೂ ಒಂದು ಗುಣ ಇದೆ. ವಿಂಡೋಸ್‌ನಲ್ಲಿ ಸ್ಕ್ರಿಪ್ಟನ್ನು ಹಾಗೇ ಓಡಿಸಿದರೆ ಕನ್ನಡ ಚೆನ್ನಾಗಿ ಪ್ರಿಂಟ್ ಆಗುತ್ತದೆ. ಅದೇ ಔಟ್‌ಪುಟ್ ಅನ್ನು ವೇರಿಯಬಲ್ಲಿಗೆ ಹಿಡಿದರೆ ಎನ್‌ಕೋಡ್ ಎರರ್ ಬರಬಹುದು. ಪೈಪಿಗೆ ಬರೆಯುವಾಗ ಅದು ವಿಂಡೋಸಿನ ಹಳೇ ಕೋಡ್‌ಪೇಜ್ ಹಿಡಿಯುತ್ತದೆ. ಪೈಥಾನ್‌ಯುಟಿಎಫ್8=1 ಅಂತ ಎನ್ವಿರಾನ್ಮೆಂಟಿನಲ್ಲಿ ಇಟ್ಟರೆ ಸರಿಹೋಗುತ್ತದೆ, 3.7ರಿಂದ ಇದೆ.

ವೇರಿಯಬಲ್ಲಿನ ಹೆಸರನ್ನೇ ಕನ್ನಡದಲ್ಲಿ ಇಡಬಹುದಾ ಅಂತ ನಮ್ಮ ತಂಡದ ಹುಡುಗಿಯೊಬ್ಬಳು ಆಸೆಯಿಂದ ಕೇಳಿದಳು. ಮೇಕ್ ಒಪ್ಪುತ್ತದೆ. ಶೆಲ್ ಒಪ್ಪುವುದಿಲ್ಲ. ಮೇಕ್‌ನಿಂದ ಶೆಲ್‌ಗೆ ದಾಟಬೇಕಾದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ.

ಪಾಸ್‌ವರ್ಡನ್ನು ಹೀಗೆ ಓದಿಸಬಹುದಾ?

ಮೇಕ್ ವೇರಿಯಬಲ್ಲಿಗೆ ಬೇಡ. ರೂಲಿನ ಸಾಲನ್ನು ಓಡಿಸುವ ಮೊದಲು ಮೇಕ್ ಅದನ್ನು ಬಿಡಿಸಿ ಪ್ರಿಂಟ್ ಮಾಡುತ್ತದೆ, ಪಾಸ್‌ವರ್ಡ್ ಲಾಗ್‌ನಲ್ಲಿ ಕೂರುತ್ತದೆ. ಎನ್ವಿರಾನ್ಮೆಂಟಿನಲ್ಲಿ ಇಟ್ಟು $$ ಹಾಕಿ ಶೆಲ್‌ನಲ್ಲೇ ಬಳಸಿ.

ಎಷ್ಟು ದೊಡ್ಡ ಔಟ್‌ಪುಟ್ ತುಂಬಬಹುದು?

ವೇರಿಯಬಲ್ಲಿಗೆ ಎಷ್ಟು ಬೇಕಾದರೂ ಹಿಡಿಯುತ್ತದೆ. ಅದನ್ನು ಕಮಾಂಡಿಗೆ ಕೊಡುವಾಗ ಸಿಕ್ಕಿಬೀಳುತ್ತೀರಿ. ಲಿನಕ್ಸ್‌ನಲ್ಲಿ ಒಂದು ಆರ್ಗ್ಯುಮೆಂಟಿನ ಮಿತಿ 1,31,072 ಬೈಟ್. ಮೇಕ್ ರೂಲಿನ ಇಡೀ ಸಾಲನ್ನು ಶೆಲ್‌ಗೆ ಒಂದೇ ಆರ್ಗ್ಯುಮೆಂಟಾಗಿ ಕೊಡುತ್ತದೆ. ಒಂದು ತೋಟದ 10 ವರ್ಷದ ಮಳೆ ತೆಗೆದುಕೊಳ್ಳಿ: ದಿನಕ್ಕೊಂದು ಸಾಲು, ಸಾಲಿಗೆ 40 ಬೈಟ್ ಅಂದರೂ 1,46,000 ದಾಟುತ್ತದೆ. ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್ ಅಂತ ಬಿಲ್ಡ್ ನಿಲ್ಲುತ್ತದೆ. ನಾವು ಮಳೆಯ ಅಂಕಿಗಳನ್ನು ಫೈಲಿನಲ್ಲೇ ಬಿಟ್ಟು, ಆ ಫೈಲ್ ಎಲ್ಲಿದೆ ಅನ್ನುವುದನ್ನು ಮಾತ್ರ ವೇರಿಯಬಲ್ಲಿನಲ್ಲಿ ಇಡುತ್ತೇವೆ.